ಅನುಕಂಪದ ನೌಕರಿ: ಕಡತ ಈಗ ಯಾರ ಮೇಜಿನ ಮೇಲಿದೆ?

ಕಳೆದ ತಿಂಗಳು ನಾನು ದ್ವಿತೀಯ ದರ್ಜೆ ಸಹಾಯಕಿಯಾಗಿ ಕೆಲಸಕ್ಕೆ ಹಾಜರಾದೆ. ಅಪ್ಪ ಸೇವೆಯಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ಸಿಕ್ಕ ನೌಕರಿ ಇದು. ಅವರು ಹೋದದ್ದು 2023ರ ಆಗಸ್ಟ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆ ಕಂಡದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಇದೇ ದಾರಿಯಲ್ಲಿ ನಿಂತಿರುವ ಇನ್ನೂ ಎರಡು ಕುಟುಂಬಗಳು ನನಗೆ ಗೊತ್ತು. ಅವರು ಕೇಳುವ ಪ್ರಶ್ನೆಗಳಿಗೆ ನನಗಂತೂ ಒಂದೇ ಕಡೆ ಉತ್ತರ ಸಿಕ್ಕಿರಲಿಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಇಲಾಖೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಇಲಾಖೆಗಳಲ್ಲಿಯೂ ಕಡತ ಸಾಗುವ ದಾರಿ ಹೆಚ್ಚುಕಡಿಮೆ ಒಂದೇ.

ಅಪ್ಪ ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದರು. ಒಂದು ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಟವರಿಗೆ ಎದೆನೋವು ಬಂತು. ಹುಬ್ಬಳ್ಳಿ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಅಮ್ಮನಿಗೆ ಅದಕ್ಕೂ ಮುಂಚೆ ಪಾರ್ಶ್ವವಾಯು ಆಗಿ ಬಲಗೈ ಸ್ವಾಧೀನದಲ್ಲಿರಲಿಲ್ಲ. ಅವಳನ್ನು ನೋಡಿಕೊಳ್ಳಲೆಂದೇ ನಾನು, ನನ್ನ ಗಂಡ, ಮಗಳು ಮೂವರೂ ತವರು ಮನೆಗೆ ಬಂದು ನೆಲೆಸಿದ್ದೆವು. ಗಂಡನದು ಲೇಥ್ ಅಂಗಡಿಯಲ್ಲಿ ದಿನಗೂಲಿಯ ಕೆಲಸ. ತಂಗಿ ಇನ್ನೂ ಓದುತ್ತಿದ್ದಳು. ಅಪ್ಪನ ಸಂಬಳವೇ ಮನೆಯ ಆಧಾರವಾಗಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಪ್ಪನ ಸಹೋದ್ಯೋಗಿಯೊಬ್ಬರು ಮನೆಗೆ ಬಂದರು. ಬಹಳ ಹೊತ್ತು ಏನೂ ಮಾತನಾಡದೆ ಕುಳಿತಿದ್ದು, ಹೊರಡುವಾಗ ಒಂದು ಮಾತು ಹೇಳಿದರು: ‘ಒಂದು ವರ್ಷ ಮಾತ್ರ ಇದೆ, ಮರೆಯಬೇಡ.’ ಈ ಬರಹದಿಂದ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕರ್ನಾಟಕ ಸಿವಿಲ್ ಸೇವಾ (ಅನುಕಂಪದ ಆಧಾರದ ಮೇಲೆ ನೇಮಕಾತಿ) ನಿಯಮಗಳು, 1996ರ ಪ್ರಕಾರ ನೌಕರ ಮೃತಪಟ್ಟ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ದಾಖಲೆಗಳೆಲ್ಲ ಸಿದ್ಧವಾಗಲಿ, ಆಮೇಲೆ ಕೊಡೋಣ ಎಂದು ಕಾಯಬೇಡಿ. ಕೈಯಲ್ಲಿ ಇರುವಷ್ಟನ್ನೇ ಸೇರಿಸಿ ಅರ್ಜಿ ಕೊಟ್ಟು, ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿ ಪಡೆಯಿರಿ. ಉಳಿದ ಕಾಗದಗಳನ್ನು ಆಮೇಲೆ ಸೇರಿಸಬಹುದು. ಕಳೆದುಹೋದ ಗಡುವನ್ನು ಮಾತ್ರ ಯಾರೂ ತಂದುಕೊಡಲಾರರು.

ಆರಂಭದಲ್ಲಿ ನಮಗೆ ಎದುರಾದದ್ದು ನೌಕರಿಯ ವಿಚಾರವಲ್ಲ, ಪಿಂಚಣಿಯದು. ಇವೆರಡೂ ಬೇರೆ ಬೇರೆ ದಾರಿಗಳು, ಬೇರೆ ಬೇರೆ ಕಡತಗಳು, ಕೊನೆಗೆ ತೀರ್ಮಾನಿಸುವ ಕಚೇರಿಗಳೂ ಬೇರೆ. ಕುಟುಂಬ ಪಿಂಚಣಿಯ ಪ್ರಸ್ತಾವವನ್ನು ಅಪ್ಪನ ಕಚೇರಿಯ ಮುಖ್ಯಸ್ಥರು ಸೇವಾ ಪುಸ್ತಕದೊಂದಿಗೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳುಹಿಸುತ್ತಾರೆ. ರಾಜ್ಯ ಸರ್ಕಾರದ ನೌಕರನ ಪಿಂಚಣಿಯ ಲೆಕ್ಕವನ್ನು ಪರಿಶೀಲಿಸಿ ಆದೇಶ ಹೊರಡಿಸುವ ಈ ಕಚೇರಿ ರಾಜ್ಯ ಸರ್ಕಾರದ್ದಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅದು ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ (ಸಿಎಜಿ) ಅಧೀನದಲ್ಲಿದೆ. ಹಾಗಾಗಿ ಶಾಸಕರಾಗಲಿ, ಸಚಿವರಾಗಲಿ, ಜಿಲ್ಲಾಧಿಕಾರಿಯಾಗಲಿ ಅಲ್ಲಿ ಹೇಳಿ ಮಾಡಿಸುವಂಥದ್ದೇನೂ ಇಲ್ಲ. ಅಲ್ಲಿಂದ ಬಂದ ಆದೇಶದ ಮೇಲೆ ಹಣ ಕೊಡುವುದು ರಾಜ್ಯದ ಖಜಾನೆ. ಗುಂಪು ವಿಮೆ, ಗಳಿಕೆ ರಜೆಯ ನಗದೀಕರಣ, ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿ, ಇವು ಮತ್ತೆ ಬೇರೆ ಬೇರೆ ಅರ್ಜಿಗಳು. ಎಲ್ಲದಕ್ಕೂ ಮರಣ ಪ್ರಮಾಣಪತ್ರದ ಮೂಲ ಪ್ರತಿ ಕೇಳುತ್ತಾರೆ. ಆದ್ದರಿಂದ ಪುರಸಭೆಯಿಂದ ಒಂದೇ ಸಲಕ್ಕೆ ಹತ್ತು ಪ್ರತಿಗಳನ್ನಾದರೂ ಪಡೆದುಕೊಳ್ಳಿ.

ಸೇವಾ ಪುಸ್ತಕದಲ್ಲಿ ಅಮ್ಮನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇತ್ತು. ಮದುವೆಗೆ ಮುಂಚಿನ ಹೆಸರು ನಾಮನಿರ್ದೇಶನ ಪತ್ರದಲ್ಲಿಯೇ ಉಳಿದುಕೊಂಡಿತ್ತು. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿಸಿ, ಕಚೇರಿಯ ಮುಖ್ಯಸ್ಥರಿಂದ ದೃಢೀಕರಿಸಿ ಕಳುಹಿಸುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಅಪ್ಪನ ಸಂಬಳ ನಿಂತ ಆ ತಿಂಗಳುಗಳಲ್ಲಿ ಮನೆ ನಡೆದದ್ದು ಅತ್ತೆಯವರು ಕಳುಹಿಸಿದ ಜೋಳದಿಂದ ಮತ್ತು ಅಮ್ಮನ ಎರಡು ಬಳೆಗಳಿಂದ. ನಿಮ್ಮ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಇಂದೇ ಅವರ ಸೇವಾ ಪುಸ್ತಕದ ನಾಮನಿರ್ದೇಶನದ ಪುಟವನ್ನು ನೋಡಲು ಹೇಳಿ. ಬದುಕಿರುವ ನೌಕರನಿಗೆ ಅರ್ಧ ದಿನದ ಕೆಲಸವಾದದ್ದು, ಅವನ ಹೆಂಡತಿಗೆ ಆಮೇಲೆ ತಿಂಗಳುಗಟ್ಟಲೆ ಅಲೆದಾಟವಾಗುತ್ತದೆ.

ಇನ್ನು ನೌಕರಿಯ ಅರ್ಜಿಯ ವಿಚಾರ. ಇಲ್ಲಿ ನಾನು ಕಲಿತ ದೊಡ್ಡ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ‘ಸರ್ಕಾರಕ್ಕೆ ಅರ್ಜಿ ಕೊಟ್ಟೆವು’ ಎನ್ನುತ್ತೇವೆ. ಆದರೆ ನಮ್ಮ ಅರ್ಜಿಯನ್ನು ತೀರ್ಮಾನಿಸುವ ಅಧಿಕಾರ ಇರುವುದು ಒಬ್ಬರೇ ಅಧಿಕಾರಿಗೆ. ಅವರನ್ನು ನೇಮಕಾತಿ ಪ್ರಾಧಿಕಾರ ಎನ್ನುತ್ತಾರೆ. ಅವರಿಗಿಂತ ಕೆಳಗಿನವರು ಶಿಫಾರಸು ಮಾಡಿ ಮೇಲೆ ಕಳುಹಿಸಬಹುದು, ಅವರಿಗಿಂತ ಮೇಲಿನವರು ಸ್ಪಷ್ಟೀಕರಣ ಕೊಡಬಹುದು. ಆದೇಶಕ್ಕೆ ಸಹಿ ಹಾಕುವವರು ಮಾತ್ರ ಅವರೇ. ಯಾವ ಹುದ್ದೆಗೆ ಯಾರು ನೇಮಕಾತಿ ಪ್ರಾಧಿಕಾರ ಎಂಬುದು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಇರುತ್ತದೆ. ನನ್ನ ವಿಷಯದಲ್ಲಿ ಅದು ತಾಲ್ಲೂಕೂ ಅಲ್ಲ, ಜಿಲ್ಲೆಯೂ ಅಲ್ಲ, ವಿಭಾಗ ಮಟ್ಟದ ಕಚೇರಿಯಾಗಿತ್ತು. ರಾಜ್ಯದಲ್ಲಿ 31 ಜಿಲ್ಲೆಗಳಿದ್ದರೂ ಅವು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳಲ್ಲಿ ಸೇರಿಕೊಂಡಿವೆ. ಹಾವೇರಿ ಬರುವುದು ಬೆಳಗಾವಿ ವಿಭಾಗಕ್ಕೆ.

ಊರಿನವರೆಲ್ಲ ಕೊಟ್ಟ ಸಲಹೆ ಒಂದೇ: ‘ಜಿಲ್ಲಾಧಿಕಾರಿಗಳನ್ನು ಕಾಣು.’ ಜಿಲ್ಲೆಯಲ್ಲಿ ನಡೆಯುವುದೆಲ್ಲ ಅವರ ಕೈಯಲ್ಲಿದೆ ಎಂದು ನಮ್ಮ ಕಡೆ ಜನ ನಂಬುತ್ತಾರೆ. ಕಂದಾಯ, ಚುನಾವಣೆ, ವಿಪತ್ತು ನಿರ್ವಹಣೆಯಂಥ ವಿಷಯಗಳಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಜಿಲ್ಲೆಯಲ್ಲಿ ಇನ್ನೊಂದು ಸಾಲು ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಮೂಲಕ ಹಲವು ಇಲಾಖೆಗಳ ಜಿಲ್ಲಾ ಕಚೇರಿಗಳು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಮೇಲ್ವಿಚಾರಣೆಯಲ್ಲಿವೆ. ಅಪ್ಪನ ಕಚೇರಿಯ ಸಂಬಳ ಬರುತ್ತಿದ್ದುದೂ ಜಿಲ್ಲಾ ವಲಯದ ಲೆಕ್ಕ ಶೀರ್ಷಿಕೆಯಿಂದಲೇ, ಅಂದರೆ ಜಿಲ್ಲಾ ಪಂಚಾಯಿತಿಯ ಮೂಲಕ ಬರುವ ಹಣದಿಂದಲೇ. ಆದರೂ ನೌಕರರ ನೇಮಕಾತಿ, ಬಡ್ತಿ, ಶಿಸ್ತು ಕ್ರಮಗಳು ಮಾತೃ ಇಲಾಖೆಯ ಕೈಯಲ್ಲಿಯೇ ಉಳಿದಿವೆ. ಜಿಲ್ಲಾಧಿಕಾರಿ ಕಚೇರಿಯ ಜನಸ್ಪಂದನದಲ್ಲಿ ಕೊಟ್ಟ ಮನವಿ ‘ನಿಯಮಾನುಸಾರ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಇಲಾಖೆಯ ಜಿಲ್ಲಾ ಕಚೇರಿಗೆ ಬಂತು. ಅಲ್ಲಿಂದ ತಾಲ್ಲೂಕಿಗೆ ಬಂತು. ಕೊನೆಗೆ ಅಪ್ಪ ಕೂರುತ್ತಿದ್ದ ಮೇಜಿನ ಪಕ್ಕದ ಮೇಜಿಗೇ ಬಂದು ತಲುಪಿತು.

ಅರ್ಜಿಯನ್ನು ನಾವು ಕೊಟ್ಟದ್ದು ನವೆಂಬರ್‌ನಲ್ಲಿ, ಅಪ್ಪನ ಕಚೇರಿಯ ಮುಖ್ಯಸ್ಥರ ಮೂಲಕ. ಅಮ್ಮ ತನಗೆ ನೌಕರಿ ಮಾಡುವ ಶಕ್ತಿ ಇಲ್ಲವೆಂದೂ ಹಿರಿಯ ಮಗಳಿಗೆ ಕೊಡಬೇಕೆಂದೂ ಎಡಗೈ ಹೆಬ್ಬೆರಳು ಒತ್ತಿ ಪತ್ರ ಕೊಟ್ಟಳು. ತಂಗಿ ಆಕ್ಷೇಪಣೆ ಇಲ್ಲವೆಂದು ಪ್ರಮಾಣಪತ್ರ ಬರೆದುಕೊಟ್ಟಳು. ಅವಳು ಸಹಿ ಹಾಕುವಾಗ ನಾನು ಅವಳ ಮುಖ ನೋಡಲಿಲ್ಲ. ಆ ನೌಕರಿ ಅವಳಿಗೂ ಬೇಕಾಗಿತ್ತು.

ನಾಡಕಚೇರಿಯಲ್ಲಿ ಮಾಡಿಸಬೇಕಾದ ಕಾಗದಗಳ ಬಗ್ಗೆ ಎಚ್ಚರವಿರಲಿ. ಸಾಮಾನ್ಯ ಆದಾಯ ಪ್ರಮಾಣಪತ್ರ ಇದಕ್ಕೆ ಸಾಲದು. ಅನುಕಂಪದ ನೌಕರಿಗೆಂದೇ ಪ್ರತ್ಯೇಕ ಆದಾಯ ಪ್ರಮಾಣಪತ್ರ ಇದೆ. ಹಾಗೆಯೇ ಬದುಕುಳಿದಿರುವ ಕುಟುಂಬ ಸದಸ್ಯರ ದೃಢೀಕರಣ ಮತ್ತು ಸರ್ಕಾರಿ ನೌಕರಿಯಲ್ಲಿ ಇಲ್ಲದಿರುವ ಬಗ್ಗೆ ದೃಢೀಕರಣ ಎಂಬ ಸೇವೆಗಳಿವೆ. ನಮ್ಮಲ್ಲಿ ಗಣಕಯಂತ್ರದ ಮುಂದೆ ಕುಳಿತವರು ಸಾಮಾನ್ಯ ಆದಾಯ ಪತ್ರವನ್ನೇ ಕೊಟ್ಟು ಕಳುಹಿಸಿದ್ದರು. ಅದು ಜಿಲ್ಲಾ ಕಚೇರಿಯಿಂದ ಹಿಂದಿರುಗಿ ಬಂತು. ಅರ್ಜಿ ಹಾಕುವಾಗಲೇ ಸೇವೆಯ ಪೂರ್ತಿ ಹೆಸರನ್ನು ಬರೆದುಕೊಂಡು ಹೋಗಿ. ಸರ್ಕಾರಿ ಸೇವೆಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ಗಡುವು ಈ ಪತ್ರಗಳಿಗೆ ಇದೆ. ಸ್ವೀಕೃತಿಯ ಮೇಲೆ ಇರುವ 15 ಅಂಕಿಗಳ ಸಂಖ್ಯೆಯನ್ನು ಜೋಪಾನ ಮಾಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ನಾನು ಪರಿಹಾರ ಕೇಳಲಿಲ್ಲ. ಆದರೆ ಮೇಲ್ಮನವಿಯ ಮಾತು ಎತ್ತಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಯ ವರದಿ ಅದೇ ವಾರ ಬಂತು.

ಸಂಕ್ರಾಂತಿಯ ಹೊತ್ತಿಗೆ ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಹೋಯಿತು. ಅಲ್ಲಿ ಒಂದು ಆಕ್ಷೇಪಣೆ ಎದ್ದಿತು: ಅರ್ಜಿದಾರಳು ವಿವಾಹಿತೆ.

ಇದರ ಹಿನ್ನೆಲೆಯನ್ನು ಮದುವೆಯಾದ ಹೆಣ್ಣುಮಕ್ಕಳು ಸರಿಯಾಗಿ ತಿಳಿದುಕೊಂಡಿರಬೇಕು. ಹಳೆಯ ನಿಯಮದಲ್ಲಿ ಮದುವೆಯಾದ ಮಗನಿಗೆ ಅಡ್ಡಿ ಇರಲಿಲ್ಲ, ಮದುವೆಯಾದ ಮಗಳಿಗೆ ಇತ್ತು. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. 2021ರ ಏಪ್ರಿಲ್‌ನಲ್ಲಿ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು ವಿವಾಹಿತ ಮಗಳನ್ನೂ ಸೇರಿಸಿತು. ಹಾಗಾಗಿ ಮದುವೆಯಾಗಿದೆ ಎಂಬ ಒಂದೇ ಕಾರಣಕ್ಕೆ ಈಗ ಯಾರೂ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ. ಆದರೆ ಗಂಡಾಗಲಿ ಹೆಣ್ಣಾಗಲಿ, ಮೃತ ನೌಕರರ ಮೇಲೆ ಅವಲಂಬಿತರಾಗಿದ್ದು ಅವರೊಂದಿಗೆ ವಾಸವಾಗಿದ್ದಿರಬೇಕು ಎಂಬ ಷರತ್ತು ಉಳಿದಿದೆ. ನಾವು ಅಪ್ಪನ ಮನೆಯಲ್ಲಿಯೇ ಇದ್ದದ್ದು ಓಣಿಗೆಲ್ಲ ಗೊತ್ತು. ಕಾಗದದಲ್ಲಿ ಅದನ್ನು ತೋರಿಸುವುದೇ ಕಷ್ಟವಾಯಿತು. ಪಡಿತರ ಚೀಟಿಯಲ್ಲಿ ನನ್ನ ಹೆಸರು ಗಂಡನ ಊರಿನಲ್ಲಿತ್ತು. ಕೊನೆಗೆ ಕೈಹಿಡಿದದ್ದು ಮಗಳ ಶಾಲೆಯ ದಾಖಲಾತಿ ಪುಸ್ತಕ. ಅದರಲ್ಲಿ ವಿಳಾಸದ ಜಾಗದಲ್ಲಿ ಅಜ್ಜನ ಮನೆಯ ವಿಳಾಸವಿತ್ತು, ಪೋಷಕರ ಸಹಿಯ ಜಾಗದಲ್ಲಿ ಅಪ್ಪನ ಸಹಿಯಿತ್ತು. ಅದರ ಜೊತೆಗೆ ಮತದಾರರ ಪಟ್ಟಿಯ ಪುಟ, ಬ್ಯಾಂಕಿನ ಪಾಸ್‌ಪುಸ್ತಕ, ಅಮ್ಮನ ಆಸ್ಪತ್ರೆಯ ಕಾಗದಗಳಲ್ಲಿ ಜೊತೆಗಿದ್ದವಳೆಂದು ಬರೆದ ನನ್ನ ಹೆಸರು, ಇವನ್ನೆಲ್ಲ ಜೋಡಿಸಿದೆ. ಹಳೆಯ ತಾರೀಖಿನ ದಾಖಲೆಗಳಿಗೇ ಬೆಲೆ. ಸಾವಿನ ನಂತರ ಬದಲಾಯಿಸಿದ ವಿಳಾಸ ಅನುಮಾನವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಈ ಕಾಗದಗಳನ್ನು ಕೊಟ್ಟು ಉತ್ತರಕ್ಕೆ ಕಾಯುತ್ತಿರುವಾಗ 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಹಾವೇರಿಯಲ್ಲಿ ಮತದಾನ ಮೇ 7ರಂದು. ಸಂಹಿತೆ ಮುಗಿದದ್ದು ಜೂನ್ ಮೊದಲ ವಾರ. ಅಷ್ಟೂ ದಿನ ಸಿಕ್ಕ ಉತ್ತರ ಒಂದೇ: ‘ಚುನಾವಣೆ ಮುಗಿಯಲಿ.’ ಸಿಬ್ಬಂದಿಯ ಬಹುಪಾಲು ಜನ ಮತಗಟ್ಟೆ ತರಬೇತಿಯಲ್ಲಿದ್ದರು, ಕುರ್ಚಿಗಳು ಖಾಲಿಯಿದ್ದವು. ಅಪ್ಪ ಇದ್ದಿದ್ದರೆ ಅವರೂ ಹಾಗೆಯೇ ಯಾವುದೋ ಹಳ್ಳಿಯ ಶಾಲೆಯಲ್ಲಿ ಮತಯಂತ್ರದ ಪೆಟ್ಟಿಗೆ ಹಿಡಿದು ಮಲಗಿರುತ್ತಿದ್ದರು ಎಂದು ನೆನೆದು ಸಿಟ್ಟನ್ನು ನುಂಗಿಕೊಂಡೆ.

ಜೂನ್ ಕಳೆದ ಮೇಲೆ ವಿಭಾಗ ಕಚೇರಿ ತಾನೇ ತೀರ್ಮಾನ ತೆಗೆದುಕೊಳ್ಳದೆ, ಗಂಡ ದುಡಿಯುತ್ತಿರುವಾಗ ಮಗಳನ್ನು ತಂದೆಯ ಅವಲಂಬಿತೆ ಎಂದು ಪರಿಗಣಿಸಬಹುದೇ ಎಂದು ಮೇಲಿನಿಂದ ಸ್ಪಷ್ಟೀಕರಣ ಕೇಳಿತು. ಅಲ್ಲಿಂದ ಕಡತದ ಬೆಂಗಳೂರಿನ ಪ್ರಯಾಣ ಶುರುವಾಯಿತು. ರಾಜ್ಯ ಸರ್ಕಾರ ಮೂರು ಅಂತಸ್ತುಗಳಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ನಾನು ನನ್ನ ಕಾಲುಗಳಿಂದಲೇ ಕಲಿತೆ. ಕೆಳಗೆ ತಾಲ್ಲೂಕು, ಜಿಲ್ಲೆ, ವಿಭಾಗಗಳ ಕ್ಷೇತ್ರ ಕಚೇರಿಗಳು. ಅವುಗಳ ಮೇಲೆ ಆಯುಕ್ತರೋ ನಿರ್ದೇಶಕರೋ ಇರುವ ಇಲಾಖಾ ಮುಖ್ಯಸ್ಥರ ಕಚೇರಿ, ಇದೂ ಬೆಂಗಳೂರಿನಲ್ಲಿಯೇ ಇದ್ದರೂ ಸಚಿವಾಲಯವಲ್ಲ. ಎಲ್ಲಕ್ಕಿಂತ ಮೇಲೆ ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡಗಳಲ್ಲಿ ಹರಡಿಕೊಂಡಿರುವ ಸಚಿವಾಲಯ. ಕಾಗದದಲ್ಲಿ ‘ಸರ್ಕಾರ’ ಎಂದು ಬರೆದಾಗ ಅದರ ಅರ್ಥ ಈ ಸಚಿವಾಲಯ. ಅಲ್ಲಿಂದ ಹೊರಡುವ ಆದೇಶದ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಇರುತ್ತದೆ, ಸಹಿ ಮಾತ್ರ ಸಾಮಾನ್ಯವಾಗಿ ಅಧೀನ ಕಾರ್ಯದರ್ಶಿಯದು. ರಾಜ್ಯದ ಕಾರ್ಯಾಂಗದ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಪಾಲರ ಹೆಸರಿನಲ್ಲಿ ನಡೆಯುತ್ತದೆ, ಮಾಡುವವರು ಸಚಿವರು ಮತ್ತು ಅಧಿಕಾರಿಗಳು.

ಸಚಿವಾಲಯದ ಒಳಗೆ ಕಡತ ಹತ್ತುವ ಮೆಟ್ಟಿಲುಗಳೂ ನಿಶ್ಚಿತವಾಗಿವೆ. ಟಪ್ಪಾಲಿನಲ್ಲಿ ಬಂದ ಪತ್ರ ವಿಷಯ ನಿರ್ವಾಹಕರಿಗೆ ಹೋಗುತ್ತದೆ. ನಿಯಮವೇನು, ಹಿಂದಿನ ಪ್ರಕರಣಗಳೇನು ಎಂದು ಟಿಪ್ಪಣಿ ಬರೆದು ಮಂಡಿಸುವವರು ಅವರು. ಆಮೇಲೆ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಅಲ್ಲಿಂದ ಮೇಲೆ ಕಾರ್ಯದರ್ಶಿ ಅಥವಾ ಪ್ರಧಾನ ಕಾರ್ಯದರ್ಶಿ. ನೀತಿಯ ವಿಷಯವಿದ್ದರೆ ಸಚಿವರವರೆಗೆ ಹೋಗುತ್ತದೆ. ಬೇರೆ ಇಲಾಖೆಯ ಅಭಿಪ್ರಾಯ ಬೇಕಿದ್ದರೆ ಕಡತ ಪಕ್ಕಕ್ಕೆ ಹೊರಳುತ್ತದೆ. ಅನುಕಂಪದ ನೇಮಕಾತಿಯ ನಿಯಮಗಳನ್ನು ರೂಪಿಸಿದ್ದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಆದ್ದರಿಂದ ನಮ್ಮ ಇಲಾಖೆಯ ಕಡತ ಅವರ ಅಭಿಪ್ರಾಯಕ್ಕೆ ಹೋಯಿತು. ಯಾವ ವಿಷಯ ಯಾವ ಇಲಾಖೆಗೆ ಸೇರಿದ್ದು, ಯಾವುದನ್ನು ಯಾರನ್ನು ಕೇಳಿ ತೀರ್ಮಾನಿಸಬೇಕು ಎಂಬುದಕ್ಕೆ 1977ರಲ್ಲಿ ರೂಪಿಸಿದ ಕಾರ್ಯಹಂಚಿಕೆ ಮತ್ತು ಕಾರ್ಯನಿರ್ವಹಣೆ ನಿಯಮಗಳೇ ಇವೆ. ಇದು ಗೊತ್ತಾದ ಮೇಲೆ ‘ಕಡತ ಇಲ್ಲಿಲ್ಲ’ ಎಂದು ಒಂದು ಕಡೆ ಹೇಳಿದಾಗ ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನ ನನ್ನಲ್ಲಿ ಉಳಿಯಲಿಲ್ಲ. ಹಾಗಾದರೆ ಯಾವ ತಾರೀಖಿನಂದು ಎಲ್ಲಿಗೆ ಹೋಯಿತು ಎಂದು ಕೇಳುವುದನ್ನು ಕಲಿತೆ.

ಬೆಂಗಳೂರಿಗೆ ಹೋಗುವವರಿಗೆ ಒಂದೆರಡು ಮಾತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಸ್ಲೀಪರ್ ಮತ್ತು ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ನಾನು ರಾತ್ರಿಯಿಡೀ ಕುಳಿತುಕೊಂಡೇ ಹೋಗುತ್ತಿದ್ದೆ. ಈ ಉಚಿತ ಪ್ರಯಾಣ ಇಲ್ಲದಿದ್ದರೆ ನನ್ನಿಂದ ಅಷ್ಟು ಬಾರಿ ಹೋಗಲು ಆಗುತ್ತಲೇ ಇರಲಿಲ್ಲ, ಇದನ್ನು ಕೃತಜ್ಞತೆಯಿಂದ ಬರೆಯುತ್ತಿದ್ದೇನೆ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ವಿಧಾನಸೌಧದ ಮುಂದೆಯೇ ಇಳಿಯಬಹುದು. ಒಳಗೆ ಹೋಗಲು ಪಾಸ್ ಬೇಕು, ಸಾರ್ವಜನಿಕರನ್ನು ಬಿಡುವುದು ಮಧ್ಯಾಹ್ನದ ನಂತರ. ಬೆಳಿಗ್ಗೆ ಇಲಾಖಾ ಮುಖ್ಯಸ್ಥರ ಕಚೇರಿಯ ಕೆಲಸ ಮುಗಿಸಿಕೊಂಡು ಆಮೇಲೆ ಸಚಿವಾಲಯಕ್ಕೆ ಹೋಗುವಂತೆ ದಿನವನ್ನು ಜೋಡಿಸಿಕೊಳ್ಳಿ. ಕಡತದ ಸಂಖ್ಯೆ ಇಲ್ಲದೆ ಹೋಗಲೇಬೇಡಿ. ಈಗ ಬಹುತೇಕ ಕಡತಗಳು ಇ-ಆಫೀಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಓಡಾಡುತ್ತವೆ. ಸಂಖ್ಯೆ ಹೇಳಿದರೆ ಅದು ಯಾರ ಖಾತೆಯಲ್ಲಿ ನಿಂತಿದೆ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಹೆಸರು ಮತ್ತು ಊರು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಶಿಫಾರಸು ಪತ್ರಗಳ ಬಗ್ಗೆ ನಮ್ಮ ಜನರಿಗೆ ಅಪಾರ ನಂಬಿಕೆ. ಚಿಕ್ಕಪ್ಪ ಓಡಾಡಿ ಒಬ್ಬ ಶಾಸಕರಿಂದ ಪತ್ರ ತಂದರು, ಅದನ್ನು ಸಚಿವರ ಕಚೇರಿಗೆ ಕೊಟ್ಟೆವು. ಅದರ ಮೇಲೆ ‘ಪರಿಶೀಲಿಸಿ ನಿಯಮಾನುಸಾರ ಕ್ರಮ ವಹಿಸುವುದು’ ಎಂದು ಬರೆದು ಇಲಾಖೆಗೆ ಕಳುಹಿಸಿದರು. ಅದು ಟಪ್ಪಾಲಿನ ಮೂಲಕ ಅದೇ ವಿಷಯ ನಿರ್ವಾಹಕರ ಮೇಜಿಗೆ ಬಂತು. ಅವರು ಅದಕ್ಕೊಂದು ಉತ್ತರ ಸಿದ್ಧಪಡಿಸಬೇಕಾಯಿತು, ಮೂಲ ಕಡತ ಅಷ್ಟು ದಿನ ಕಾಯಿತು. ಶಾಸಕರು ಕಾನೂನು ಮಾಡುವವರು, ಸದನದಲ್ಲಿ ಪ್ರಶ್ನೆ ಕೇಳುವವರು. 224 ಮಂದಿಯ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಸೇರಿ ಹೆಚ್ಚೆಂದರೆ 34 ಮಂದಿ ಸಚಿವರಾಗಬಹುದು, ಉಳಿದವರ ಕೈಯಲ್ಲಿ ಕಡತ ಇರುವುದಿಲ್ಲ. ಪತ್ರ ಕೊಟ್ಟ ಆ ಶಾಸಕರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಆದರೆ ನಿಯಮದ ಪ್ರಶ್ನೆಯೊಂದು ತಡೆದು ನಿಲ್ಲಿಸಿದ ಕಡತವನ್ನು ನಿಯಮದ ಉತ್ತರವೇ ಮುಂದೆ ಸಾಗಿಸಬೇಕು.

ನನ್ನ ಕಡತವನ್ನು ಮುಂದೆ ಸಾಗಿಸಿದ್ದು ಮಾಹಿತಿ ಹಕ್ಕಿನ ಅರ್ಜಿ. ಮಳೆಗಾಲವೆಲ್ಲ ಕಳೆದರೂ ಯಾವ ಸುದ್ದಿಯೂ ಇಲ್ಲದಾಗ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕಳುಹಿಸಿದೆ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. ‘ಏಕೆ ತಡವಾಗಿದೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ಮಾಹಿತಿಯಲ್ಲ, ವಿವರಣೆ ಎನ್ನುತ್ತಾರೆ. ನಾನು ಕೇಳಿದ್ದು ಎರಡೇ: ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಮತ್ತು ಕಡತ ಯಾವ ದಿನಾಂಕದಿಂದ ಯಾರ ಬಳಿ ಇತ್ತು ಎಂಬ ಚಲನವಲನದ ವಿವರ. ಉತ್ತರಕ್ಕೆ 30 ದಿನಗಳ ಗಡುವು. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಪ್ರತಿಗಳನ್ನು ಪಡೆದೆ.

ಆ ಹಾಳೆಗಳನ್ನು ಅಡುಗೆಮನೆಯಲ್ಲಿ ಕುಳಿತು ಓದಿದ ರಾತ್ರಿ ನನಗೆ ಅತ್ತೂ ಅತ್ತೂ ಸಾಕಾಯಿತು. ದುಃಖಕ್ಕಿಂತ ಹೆಚ್ಚಾಗಿ ಸಮಾಧಾನದಿಂದ. ಯಾರೂ ನನ್ನ ವಿರುದ್ಧ ಬರೆದಿರಲಿಲ್ಲ. ಸಿಬ್ಬಂದಿ ಇಲಾಖೆಯವರು ಅರ್ಜಿದಾರಳ ಗಂಡನ ಆದಾಯ ಮತ್ತು ವಾಸದ ಬಗ್ಗೆ ಜಿಲ್ಲಾ ಕಚೇರಿಯ ವರದಿ ಪಡೆಯುವಂತೆ ಕೇಳಿದ್ದರು. ಆ ಪತ್ರ ಕೆಳಗೆ ಬಂದು, ಒಂದು ಕಚೇರಿಯಲ್ಲಿ ವರ್ಗಾವಣೆಯಾದ ನೌಕರರೊಬ್ಬರ ಕಾಗದಗಳೊಂದಿಗೆ ಉಳಿದುಬಿಟ್ಟಿತ್ತು. ನನಗಾಗಲಿ ಅಪ್ಪನ ಕಚೇರಿಗಾಗಲಿ ಅದರ ಸುಳಿವೇ ಇರಲಿಲ್ಲ. ಮರುದಿನವೇ ಆ ಪತ್ರದ ಸಂಖ್ಯೆ, ದಿನಾಂಕ ಉಲ್ಲೇಖಿಸಿ ಮನವಿ ಕೊಟ್ಟೆ. ಅಷ್ಟರಲ್ಲಿ ಅಕ್ಟೋಬರ್ ಮಧ್ಯದಲ್ಲಿ ಶಿಗ್ಗಾಂವಿ ಉಪಚುನಾವಣೆ ಘೋಷಣೆಯಾಗಿ ಜಿಲ್ಲೆಯ ಸಿಬ್ಬಂದಿ ಮತ್ತೆ ಚುನಾವಣೆ ಕೆಲಸಕ್ಕೆ ಹೋದರು. ವರದಿ ಹೊರಟದ್ದು ನವೆಂಬರ್ ಕೊನೆಗೆ. ಅದು ಬೆಂಗಳೂರು ತಲುಪಿದಾಗ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಅಧಿವೇಶನದ ದಿನಗಳಲ್ಲಿ ಶಾಸಕರ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವುದೇ ಇಲಾಖೆಗಳ ಮೊದಲ ಕೆಲಸ, ಅಧಿಕಾರಿಗಳಲ್ಲಿ ಅನೇಕರು ಬೆಳಗಾವಿಯಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಬೆಂಗಳೂರಿಗೆ ಹೋಗಿ ಹಣ, ಸಮಯ ಕಳೆಯಬೇಡಿ.

ಇಷ್ಟರ ನಡುವೆ ಒಬ್ಬ ಮಧ್ಯವರ್ತಿ ಮನೆಗೆ ಬಂದು, ಕಡತ ‘ಬೇಗ ಇಳಿಸಿಕೊಡುತ್ತೇನೆ’ ಎಂದು ದೊಡ್ಡ ಮೊತ್ತ ಕೇಳಿದ. ಗಂಡ ಸಾಲ ಮಾಡಲೂ ಸಿದ್ಧನಾಗಿದ್ದ. ನಾನು ಒಪ್ಪಲಿಲ್ಲ. ಟಿಪ್ಪಣಿ ಹಾಳೆಗಳನ್ನು ಓದಿದ್ದರಿಂದ ಬಾಕಿ ಇರುವುದು ಒಂದೇ ವರದಿ ಎಂದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಇಂಥವರು ಬಂದರೆ ಲೋಕಾಯುಕ್ತಕ್ಕೆ ದೂರು ಕೊಡಿ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಮೇಲೆ ಲಂಚ ಪ್ರಕರಣಗಳ ತನಿಖೆಯ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ, ಜಿಲ್ಲಾ ಕೇಂದ್ರಗಳಲ್ಲಿ ಅವರ ಠಾಣೆಗಳಿವೆ.

2025ರ ಆರಂಭದಲ್ಲಿ ಸ್ಪಷ್ಟೀಕರಣ ಬಂತು. ವರದಿಯ ಆಧಾರದ ಮೇಲೆ ಅರ್ಹತೆಯನ್ನು ನಿಯಮಾನುಸಾರ ಪರಿಶೀಲಿಸಿ ನೇಮಕಾತಿ ಪ್ರಾಧಿಕಾರವೇ ತೀರ್ಮಾನಿಸಬೇಕು ಎಂಬುದೇ ಅದರ ಸಾರ. ವಿಧಾನಸೌಧದವರೆಗೆ ಹತ್ತಿದ ಕಡತ ಹೊರಟ ಮೇಜಿಗೇ ಬಂದು ನಿಂತಿತು. ಮೊದಲಿಗೆ ನನಗೆ ಬಹಳ ನೋವಾಯಿತು. ಇದೇ ಮಾತನ್ನು ವರ್ಷದ ಹಿಂದೆ ವಿಭಾಗ ಕಚೇರಿಯವರೇ ಬರೆದುಕೊಳ್ಳಬಹುದಿತ್ತು. ಕೆಳಗಿನ ಅಧಿಕಾರಿ ತನಗಿರುವ ಅಧಿಕಾರವನ್ನು ಚಲಾಯಿಸಲು ಹೆದರಿದಾಗ ಮೇಲಿನವರ ಕೆಲಸ ಹೆಚ್ಚುತ್ತದೆ, ಕಾಯುವ ಮನೆಯಲ್ಲಿ ಒಲೆ ಆರುತ್ತದೆ. ತಪ್ಪು ಆದೇಶಕ್ಕೆ ಲೆಕ್ಕಪರಿಶೋಧನೆಯಲ್ಲಿ ತಾನೇ ಹೊಣೆಯಾಗಬೇಕಾದೀತು ಎಂಬ ಭಯ ಆ ಅಧಿಕಾರಿಗೂ ಇರುತ್ತದೆ ಎಂದು ಅಪ್ಪನ ಸಹೋದ್ಯೋಗಿ ವಿವರಿಸಿದರು. ಅದು ನಿಜವಿರಬಹುದು. ಆದರೂ ಆ ಭಯದ ಬೆಲೆಯನ್ನು ತೆತ್ತವರು ನಾವು.

ಒಂದು ವೇಳೆ ಅರ್ಜಿ ತಿರಸ್ಕೃತವಾಗಿದ್ದರೆ ಮುಂದಿನ ಬಾಗಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ರಾಜ್ಯ ಸರ್ಕಾರಿ ಸೇವೆಯ ವಿವಾದಗಳು ಮೊದಲು ಹೋಗಬೇಕಾದದ್ದು ಅಲ್ಲಿಗೆ, ನಮ್ಮ ಕಡೆಯವರಿಗೆ ಬೆಳಗಾವಿಯಲ್ಲಿಯೇ ಪೀಠವಿದೆ. ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ಕಾರಣ ಬರೆದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ ಪಡೆಯಿರಿ. ಜೊತೆಗೆ ಇದೂ ತಿಳಿದಿರಲಿ: ಅನುಕಂಪದ ನೌಕರಿ ಆಸ್ತಿಯಂತೆ ಬರುವ ಹಕ್ಕಲ್ಲ, ದುಡಿಯುವವರನ್ನು ಕಳೆದುಕೊಂಡ ಕುಟುಂಬವನ್ನು ಹಠಾತ್ ಸಂಕಷ್ಟದಿಂದ ಪಾರುಮಾಡುವ ರಿಯಾಯಿತಿ ಎಂದು ಸುಪ್ರೀಂ ಕೋರ್ಟ್ 1994ರಿಂದಲೂ ಹೇಳುತ್ತ ಬಂದಿದೆ. ಹಾಗಾಗಿ ಅರ್ಜಿಯಲ್ಲಿ ಅಪ್ಪನ ಸೇವೆಯ ಹಿರಿಮೆಗಿಂತ ಮನೆಯ ಇಂದಿನ ಸ್ಥಿತಿಯನ್ನು ವಿವರವಾಗಿ ಬರೆಯಿರಿ. ಸಾಲದ ಕಾಗದ, ಆಸ್ಪತ್ರೆಯ ಖರ್ಚಿನ ರಸೀದಿಗಳನ್ನು ಸೇರಿಸಿ.

ಆಮೇಲಿನದು ಬೇಗ ಆಯಿತು. ಖಾಲಿ ಹುದ್ದೆಯ ಪಟ್ಟಿ, ಅಂಕಪಟ್ಟಿಗಳ ನೈಜತೆಯ ಪರಿಶೀಲನೆ, ಪೊಲೀಸ್ ವರದಿ, ಜಿಲ್ಲಾ ಆಸ್ಪತ್ರೆಯ ದೈಹಿಕ ಅರ್ಹತೆಯ ಪತ್ರ. ಅಮ್ಮ ಮತ್ತು ತಂಗಿಯನ್ನು ನೋಡಿಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟೆ. ಆದೇಶ ಅಂಚೆಯಲ್ಲಿ ಬಂದ ದಿನ ಅಮ್ಮ ಅದನ್ನು ದೇವರ ಮುಂದೆ ಇಡಲಿಲ್ಲ, ಅಪ್ಪನ ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟಳು. ನಾನು ಹಾಜರಾದದ್ದು ಅಪ್ಪನ ಕಚೇರಿಗಲ್ಲ, ಪಕ್ಕದ ತಾಲ್ಲೂಕಿಗೆ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ.

ಒಟ್ಟು ಖರ್ಚು ನೋಟರಿ, ಛಾಪಾ ಕಾಗದ, ಜೆರಾಕ್ಸ್, ಸ್ಪೀಡ್ ಪೋಸ್ಟ್, ಊಟ, ಒಮ್ಮೊಮ್ಮೆ ತಂಗುವುದು ಎಲ್ಲ ಸೇರಿ ಸುಮಾರು 20,000 ರೂಪಾಯಿ ಆಗಿದೆ. ಕಳೆದುಕೊಂಡ ದಿನಗೂಲಿಯನ್ನು ಇದರಲ್ಲಿ ಸೇರಿಸಿಲ್ಲ.

ಹೊಸದಾಗಿ ಸೇರಿದವರು ಮುಂದೆ ಗಮನಿಸಬೇಕಾದ ಸಂಗತಿಗಳೂ ಇವೆ. ಪರೀಕ್ಷಾರ್ಥ ಸೇವಾವಧಿ ಕನಿಷ್ಠ ಎರಡು ವರ್ಷ. 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು, ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳನ್ನೂ ಬರೆಯಬೇಕು. 2006ರ ಏಪ್ರಿಲ್ 1ರಂದು ಅಥವಾ ಆನಂತರ ಸೇರಿದವರು ಸಾಮಾನ್ಯವಾಗಿ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಬರುತ್ತಾರೆ. ತಂದೆಯ ನೌಕರಿ ಹಳೆಯ ಪಿಂಚಣಿಯದಾಗಿದ್ದರೂ ನಮ್ಮದು ಹೊಸದೇ. ಅಮ್ಮನ ಕುಟುಂಬ ಪಿಂಚಣಿ ನಿಂತುಹೋಗುತ್ತದೆಯೇ ಎಂದು ತುಂಬಾ ಜನ ಕೇಳಿದ್ದಾರೆ. ನಿಂತಿಲ್ಲ, ನನ್ನ ನೇಮಕಾತಿಯ ನಂತರವೂ ಬರುತ್ತಿದೆ. ಸರ್ಕಾರಿ ವಿಮೆಯ ಪಾಲಿಸಿ ಮಾಡಿಸುವಾಗ ನಾಮನಿರ್ದೇಶನದ ಪುಟವನ್ನು ನಾನೇ ತುಂಬಿದೆ. ಹೆಸರುಗಳನ್ನು ಆಧಾರ್‌ನಲ್ಲಿ ಇದ್ದಂತೆಯೇ ಬರೆದು, ಕಚೇರಿಯ ಮೊಹರು ಹಾಕಿಸಿದ ಒಂದು ಪ್ರತಿಯನ್ನು ಮಗಳ ಶಾಲೆಯ ಕಾಗದಗಳೊಂದಿಗೆ ಇಟ್ಟಿದ್ದೇನೆ.